ದೇವರಿಲ್ಲದೆ ಎಂಟು ಹಬ್ಬ: ಮೂರು ವರ್ಷ ಸೋತು ನಾಲ್ಕನೇ ವರ್ಷ ಕೈಗೂಡಿದ್ದು

ಕಳೆದ ಡಿಸೆಂಬರ್ 21ರ ಬೆಳಿಗ್ಗೆ ಎಂಟು ಗಂಟೆಗೆ ಬ್ರಿಸ್ಟಲ್ ಅಂಚಿನ ನಮ್ಮ ಅಲಾಟ್‌ಮೆಂಟಿನಲ್ಲಿ, ಅಂದರೆ ಬಾಡಿಗೆಗೆ ಹಿಡಿದ ತರಕಾರಿ ತೋಟದಲ್ಲಿ, ವರ್ಷದ ಅತಿ ಚಿಕ್ಕ ಹಗಲಿನ ಹಬ್ಬಕ್ಕೆ ಹನ್ನೊಂದು ಜನ ನಿಂತಿದ್ದೆವು. ಜಿಟಿಜಿಟಿ ಮಳೆ. ಸೂರ್ಯ ಕಾಣಲೇ ಇಲ್ಲ. ಆದರೂ ಒಬ್ಬರೂ ಬೇಗ ಮನೆಗೆ ಹೊರಡಲಿಲ್ಲ. "ದೇವರೇ ಇಲ್ಲ ಅಂತೀಯ, ಮತ್ತೆ ಹಬ್ಬ ಯಾರಿಗೆ ಮಾರಾಯ?" ಅಂತ ನಾಲ್ಕು ವರ್ಷದ ಹಿಂದೆ ನಕ್ಕಿದ್ದ ಶಿವಮೊಗ್ಗದ ಗೆಳೆಯನೂ ಅಲ್ಲಿದ್ದ. ಶುಂಠಿ ಕಷಾಯದ ಫ್ಲಾಸ್ಕ್ ತಂದವನು ಅವನೇ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಈ ಎಂಟು ಹಬ್ಬ ಅಂದರೆ ಇಲ್ಲಿನ ಪೇಗನ್‌ಗಳು, ಪ್ರಕೃತಿಯನ್ನು ಪೂಜಿಸುವವರು, ಋತುವಿಗೆ ತಕ್ಕಂತೆ ಮಾಡುವ ಹಬ್ಬಗಳು: ಡಿಸೆಂಬರ್‌ನಲ್ಲಿ ಯೂಲ್, ಫೆಬ್ರುವರಿ ಶುರುವಿನಲ್ಲಿ ಇಂಬಾಲ್ಕ್, ಮೇನಲ್ಲಿ ಬೆಲ್ಟೇನ್, ಹೀಗೆ. ಕ್ಯಾಲಿಫೋರ್ನಿಯಾದ ಮಾರ್ಕ್ ಗ್ರೀನ್ ಅವರ ಏಥಿಯೋಪೇಗನಿಸಂ ಅಂತಲೂ ಒಂದಿದೆ, ದೇವರನ್ನು ನಂಬದೆಯೇ ಈ ಹಬ್ಬಗಳನ್ನು ಮಾಡುವ ದಾರಿ. ದೇವರಿಲ್ಲದೆ ಮಾಡಬಹುದು ಅನ್ನೋ ಧೈರ್ಯ ನನಗೆ ಬಂದದ್ದು ಅಲ್ಲಿಂದ. ಆದರೆ ಧೈರ್ಯ ಬೇರೆ, ಮಾಡೋದು ಬೇರೆ.

ಮೊದಲ ವರ್ಷ ದುಡ್ಡು ಸುಟ್ಟೆ. ಬಿಳಿ ಹಿಡಿಯ ಚಾಕು, ತಾಮ್ರದ ಬಟ್ಟಲು, ಮೂರು ಬಣ್ಣದ ಮೇಣದಬತ್ತಿ, ಉಣ್ಣೆಯ ನಿಲುವಂಗಿ, ಧೂಪ. ಎಲ್ಲ ಸೇರಿ 300 ಪೌಂಡ್ ದಾಟಿತ್ತು ಅಂತ ನೆನಪು, ನಿಲುವಂಗಿಯೊಂದೇ 90. ಆಗ ನಾವು ಬಾಡಿಗೆ ಫ್ಲ್ಯಾಟಿನಲ್ಲಿದ್ದೆವು. ಮೊದಲ ಸೋವಿನ್ (Samhain, ಅಕ್ಟೋಬರ್ ಕೊನೆಯ ಹಬ್ಬ) ರಾತ್ರಿ ಧೂಪ ಹಾಕಿದ ಐದೇ ನಿಮಿಷಕ್ಕೆ ಹೊಗೆಯ ಅಲಾರಂ ಕೂಗಿಕೊಂಡಿತು. ಇಡೀ ಕಟ್ಟಡದ ಜನ ಚಪ್ಪಲಿಯಲ್ಲೇ ಚಳಿಗೆ ಇಳಿದು ಬಂದರು. ಕೆಳಗೆ ಅವರ ಮಧ್ಯೆ ನಾನು, ಮೈಮೇಲೆ ನಿಲುವಂಗಿ. ಮನೆ ಬಿಡುವಾಗ ಚಾವಣಿಗೆ ಮಸಿ ಹಿಡಿದಿದೆ ಅಂತ ಅಡ್ವಾನ್ಸಿನಲ್ಲಿ 120 ಪೌಂಡ್ ಹಿಡಿದುಕೊಂಡರು. ಅದನ್ನೂ ಈ ಲೆಕ್ಕಕ್ಕೇ ಸೇರಿಸಿ.

ದುಡ್ಡಿಗಿಂತ ಜಾಸ್ತಿ ಕೈಕೊಟ್ಟಿದ್ದು ಮಾತು. ಅವರಿವರ ಪ್ರಾರ್ಥನೆ ತಗೊಂಡು ದೇವಿ ಅಂತ ಇದ್ದ ಕಡೆಯೆಲ್ಲ ಪ್ರಕೃತಿ ಅಂತ ಬರೆದುಕೊಂಡಿದ್ದೆ. ಓದುವಾಗ ನನಗೇ ನಗು. ಹೆಸರು ಬದಲಾಗಿತ್ತು ಅಷ್ಟೇ, ಕೈಮುಗಿದು ಬೇಡೋದು ಹಾಗೇ ಇತ್ತು.

ಎರಡನೇ ವರ್ಷ ಗುಂಪು ಹಿಡಿದೆ. ಜೂನ್‌ನಲ್ಲಿ, ವರ್ಷದ ಅತಿ ದೊಡ್ಡ ಹಗಲಿನ ಸೂರ್ಯೋದಯ ನೋಡಲು ಸ್ಟೋನ್‌ಹೆಂಜ್, ಆ ಪುರಾತನ ಕಲ್ಲುಗಳ ವೃತ್ತ. ಆ ರಾತ್ರಿ ಒಳಗೆ ಹೋಗೋದು ಪುಕ್ಕಟೆ, ಗಾಡಿ ನಿಲ್ಲಿಸೋಕೆ ದುಡ್ಡು. ಸಾವಿರಾರು ಜನ, ಡೋಲು, ತಳ್ಳಾಟ, ಐದು ಗಂಟೆಗೆ ಸ್ವಲ್ಪ ಮುಂಚೆ ಹುಟ್ಟಬೇಕಾದ ಸೂರ್ಯ ಮೋಡದ ಹಿಂದೆ. ಮಗಳು ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಚೆನ್ನಾಗಿತ್ತು, ಇಲ್ಲ ಅನ್ನಲ್ಲ, ಆದರೆ ಅದು ಜಾತ್ರೆ. ಆಮೇಲೆ ಒಂದು ಚಿಕ್ಕ ಪೇಗನ್ ಗುಂಪಿಗೆ ಹೋದೆ. ನಾಲ್ಕು ದಿಕ್ಕನ್ನೂ ಕರೆದ ಮೇಲೆ "ನೀವು ಯಾವ ದೇವರನ್ನು ಆಹ್ವಾನಿಸುತ್ತೀರಿ?" ಅಂತ ಕೇಳಿದರು. ಯಾರನ್ನೂ ಇಲ್ಲ ಅಂದೆ. ಎಲ್ಲರೂ ಗಪ್‌ಚಿಪ್. ಒಳ್ಳೇ ಜನ ಪಾಪ, ಟೀ ಕೊಟ್ಟೇ ಕಳಿಸಿದರು.

ಮೂರನೇ ವರ್ಷ ತದ್ವಿರುದ್ಧ ಮಾಡಿದೆ. ಏನೂ ಬೇಡ, ಸುಮ್ನೆ ಇಪ್ಪತ್ತು ನಿಮಿಷ ಮೌನವಾಗಿ ನಿಂತುಕೊಳ್ಳೋದು. ನಾಲ್ಕು ಹಬ್ಬಕ್ಕೆ ಸಾಕಾಯಿತು. "ಇದಕ್ಕಿಂತ ವಾಕಿಂಗ್ ಹೋಗೋದು ವಾಸಿ ಕಣ್ರೀ" ಅಂದಳು ಹೆಂಡತಿ. ಸರಿಯಾಗೇ ಹೇಳಿದ್ದಳು.

ದಾರಿ ತೋರಿಸಿದ್ದು ಅಮ್ಮ, ಅದೂ ಗೊತ್ತಿಲ್ಲದೆ. ಅಕ್ಟೋಬರ್‌ನಲ್ಲಿ ಸಾಗರದ ಕಡೆಯ ನಮ್ಮ ಊರಿಂದ ವಿಡಿಯೋ ಕಾಲ್ ಮಾಡಿ ಭೂಮಿ ಹುಣ್ಣಿಮೆ ಬುಟ್ಟಿ ತೋರಿಸುತ್ತಿದ್ದರು. ಕೆಮ್ಮಣ್ಣು ಬಳಿದು ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆದ ಬುಟ್ಟಿ. ಮಾತಿನ ಮಧ್ಯೆ, "ನಿನ್ನಜ್ಜ ಯಾವ ಗುಡಿಗೂ ಹೋದವನಲ್ಲ ಮಗಾ. ಆದರೆ ಗದ್ದೆ ಬಸುರಿ, ಬಯಕೆ ಊಟ ಹಾಕದಿದ್ರೆ ಆಗುತ್ತಾ ಅಂತಿದ್ದ" ಅಂದರು. ಅಜ್ಜ ಬೆಳಗಿನ ಜಾವ ಗದ್ದೆ ಬದುವಿನ ಮೇಲೆ ಎಡೆ ಬೀರುತ್ತಾ "ಅಚ್ಚಂಬಲಿ, ಹಾಲಂಬಲಿ..." ಅಂತ ಕೂಗುತ್ತಿದ್ದದ್ದು ನೆನಪಾಯಿತು. ರಾತ್ರಿಯೆಲ್ಲ ಅಡುಗೆ, ಕತ್ತಲಲ್ಲಿ ನಡಿಗೆ, ಗಂಟಲು ಬಿಚ್ಚಿ ಕೂಗು. ನೀನು ನಂಬುತ್ತೀಯಾ ಅಂತ ಅಜ್ಜನನ್ನು ಯಾರೂ ಕೇಳಿರಲಿಲ್ಲ.

ಅದೇ ಚಳಿಗಾಲ ಸಾಮರ್ಸೆಟ್‌ನ ಒಂದು ಸೇಬಿನ ತೋಟಕ್ಕೆ ವಾಸೇಲ್ ನೋಡಲು ಹೋದೆ, ಜನವರಿ 17. ಒಳ್ಳೇ ಬೆಳೆ ಬರಲಿ ಅಂತ ಸೇಬಿನ ಮರಕ್ಕೆ ಮಾಡುವ ಹಳೇ ಆಚರಣೆ ಅದು. ಸೈಡರ್‌ನಲ್ಲಿ (ಸೇಬಿನ ಮದ್ಯ) ಅದ್ದಿದ ಬ್ರೆಡ್ಡನ್ನು ಹಳೇ ಮರದ ಕೊಂಬೆಗೆ ಸಿಕ್ಕಿಸಿ, ಬುಡಕ್ಕೆ ಸೈಡರ್ ಸುರಿದು, ಪಾತ್ರೆ ಬಡಿದು ಎಲ್ಲರೂ ಕೂಗಿದರು. ಮೈ ಝುಂ ಅಂತು. ಇದು ನಮ್ಮ ಅಜ್ಜನದೇ ಕೆಲಸ, ಭತ್ತದ ಬದಲು ಸೇಬು.

ಅಲ್ಲಿಂದ ನನ್ನ ಲೆಕ್ಕ ಸರಳ. ಪ್ರತಿ ಹಬ್ಬಕ್ಕೂ ಒಂದು ಅಡುಗೆ, ಒಂದು ನಡಿಗೆ, ಒಂದು ಕೂಗು. ಬೇಡಿಕೆ ಇಲ್ಲ, ಹೆಸರು ಕರೆಯೋದಿಲ್ಲ. ಕೂಗುವುದು ಕಂಡದ್ದನ್ನು ಮಾತ್ರ: "ಹಾಥಾರ್ನ್ (ಬಿಳಿ ಹೂವಿನ ಬೇಲಿ ಮುಳ್ಳುಗಿಡ) ಅರಳಿದೆ!", "ಕತ್ತಲು ಇಲ್ಲಿಗೆ ಸಾಕು!". ಮೊದಲ ಸಲ ನಾಚಿಕೆ ಆಗುತ್ತೆ. ಎರಡನೇ ಸಲ ಪಕ್ಕದ ಪ್ಲಾಟಿನ ಮುದುಕ ಸೌಟು ಹಿಡಿದು ತಾನೇ ಬಂದ. ಖರ್ಚು ಹಬ್ಬಕ್ಕೆ ಆರರಿಂದ ಎಂಟು ಪೌಂಡ್. ಅಲಾಟ್‌ಮೆಂಟಿನ ವರ್ಷದ ಬಾಡಿಗೆ ಬೇರೆ, ಅದು ಹೇಗೂ ಸೊಪ್ಪಿನಲ್ಲಿ ವಾಪಸ್ ಬರುತ್ತೆ.

ತಾರೀಕಿಗೂ ಅಂಟಿಕೊಳ್ಳಲ್ಲ. ಬೆಲ್ಟೇನ್ ಮೇ 1 ಅಂತಾರೆ, ಆದರೆ ನಮ್ಮ ಬೇಲಿಯ ಹಾಥಾರ್ನ್ ಆ ಹೊತ್ತಿಗೆ ಹೆಚ್ಚಿನ ವರ್ಷ ಮೊಗ್ಗಿನಲ್ಲೇ ಇರುತ್ತೆ. 1752ರಲ್ಲಿ ಬ್ರಿಟಿಷರು ಕ್ಯಾಲೆಂಡರ್ ಬದಲಿಸಿ 11 ದಿನ ಹಾರಿಸಿಬಿಟ್ಟರು, ಹೂವಿಗೆ ಯಾರೂ ಹೇಳಲಿಲ್ಲ. ವಾಸೇಲ್ ಇನ್ನೂ ಜನವರಿ 17ಕ್ಕೆ ನಡೆಯೋದೂ ಹಳೇ ಕ್ಯಾಲೆಂಡರ್ ಲೆಕ್ಕದಲ್ಲೇ. ಬೆಲ್ಟೇನನ್ನು ನಾವು ಹಾಥಾರ್ನ್‌ನ ಮೊದಲ ಹೂ ನೋಡಿದ ಮೇಲೆ ಬರುವ ಶನಿವಾರ ಮಾಡುತ್ತೇವೆ. "ಸಾವಿರಾರು ವರ್ಷದ ಪದ್ಧತಿ ಮುರಿದಿರಿ" ಅಂತ ಒಬ್ಬರು ಬೈದರು. ಎಂಟು ಹಬ್ಬವನ್ನೂ ಒಂದೇ ಚಕ್ರಕ್ಕೆ ಕೂರಿಸಿದ್ದು 1950ರ ದಶಕದಲ್ಲಿ ಸ್ವಾಮೀ, ವಿಕ್ಕಾ ಅನ್ನೋ ಪೇಗನ್ ಪಂಥ ಹರಡಿದ ಗೆರಾಲ್ಡ್ ಗಾರ್ಡ್ನರ್, ಅವರ ಗೆಳೆಯ, ಡ್ರೂಯಿಡ್ ಪಂಥದ ರಾಸ್ ನಿಕೋಲ್ಸ್ ಕಾಲದಲ್ಲಿ. ಅವರು ಕೂರಿಸಬಹುದಾದರೆ ನಾನು ಒಂದು ವಾರ ಸರಿಸಬಹುದು ಅಲ್ವಾ?

ನಡುವೆ ಒಂದು ಹುಚ್ಚು ಪ್ರಯೋಗವೂ ನಡೆಯಿತು. ಅಡುಗೆಮನೆಯ ಪೂರ್ವದ ಕಿಟಕಿ ಮುಂದೆ ನೆಲದಲ್ಲಿ ಹೆಜ್ಜೆ ಗುರುತು ಹಾಕಿ, ಅಲ್ಲೇ ನಿಂತು, ಭಾನುವಾರ ಭಾನುವಾರ ಸೂರ್ಯ ಹುಟ್ಟಿದ ಕಡೆ ಗಾಜಿಗೆ ಕೆಂಪು ಟೇಪಿನ ಚೂರು ಅಂಟಿಸೋದು. ಅರ್ಧಕ್ಕರ್ಧ ಭಾನುವಾರ ಮೋಡ. ಆದರೂ ಮಾರ್ಚಿನಲ್ಲಿ ಎರಡು ಚೂರಿನ ಮಧ್ಯೆ ನಾಲ್ಕು ಬೆರಳು ಅಂತರ ಬಂತು. ಜೂನ್ ಹೊತ್ತಿಗೆ ಸೂರ್ಯ ಕಿಟಕಿ ಚೌಕಟ್ಟನ್ನೇ ದಾಟಿ ಹೋದ. ಡಿಸೆಂಬರ್‌ನಲ್ಲಿ ಮಾತ್ರ ಒಂದರ ಮೇಲೊಂದು, ಎರಡು ವಾರ ಅಲ್ಲಾಡಲೇ ಇಲ್ಲ. ಸೂರ್ಯ ನಿಲ್ಲೋದು ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು ಟೇಪಿನಿಂದ. ಊರಲ್ಲಿ ಅತಿ ಚಿಕ್ಕ ಹಗಲೂ 11 ಗಂಟೆ ಮೀರಿರುತ್ತೆ, ಇಲ್ಲಿ ಸುಮಾರು 8 ಗಂಟೆ. ನವೆಂಬರ್ ಬಂತೆಂದರೆ ಮುದುಡಿ ಕೂರುತ್ತಿದ್ದವನಿಗೆ ಈಗ ಆ ಟೇಪು ನೋಡೋದೇ ಕೆಲಸ.

  ಇನ್ನೊಂದು ಸಲ, ಸ್ಟೋನ್‌ಹೆಂಜ್ ಥರದ್ದೇ ಕಲ್ಲುಗಳ ವೃತ್ತವಿರುವ ಸ್ಟಾಂಟನ್ ಡ್ರೂನಲ್ಲಿ ಗೇಟಿನ ಡಬ್ಬಿಗೆ ತಲೆಗೊಂದು ಪೌಂಡ್ ಹಾಕಿ ಒಳಗೆ ಹೋಗಿ, ಕಲ್ಲಿನ ಬುಡದಲ್ಲಿ ಬಾರ್ಲಿ ರೊಟ್ಟಿ ಇಟ್ಟು ತಿರುಗುವಷ್ಟರಲ್ಲಿ ಹಸುವೊಂದು ಬಂದು ಪೂರ್ತಿ ತಿಂದು ಬಟ್ಟೆಯನ್ನೂ ಎಳೆಯಿತು. ದೇವರಿಗೆ ಇಟ್ಟದ್ದಾಗಿದ್ದರೆ ಬೇಜಾರಾಗುತ್ತಿತ್ತೇನೋ. ಮಗಳು ಇವತ್ತಿಗೂ ಅದನ್ನೇ ಹೇಳಿಕೊಂಡು ನಗುತ್ತಾಳೆ.

ಒದ್ದೆ ಕಟ್ಟಿಗೆಗೆ ಮಳೆಯಲ್ಲೂ ಹತ್ತು ನಿಮಿಷದಲ್ಲಿ ಬೆಂಕಿ ಹಿಡಿಸೋದು ಹೇಗೆ, ಕೂಗಿಗೆ ಮುಂಚಿನ ಮೂರು ನಿಮಿಷ ಜನರ ಕೈಗೆ ಏನು ಕೊಡುತ್ತೇನೆ, ಇವೆರಡನ್ನೂ ಇಲ್ಲಿ ಬರೆಯಲ್ಲ. ಬಂದು ನೋಡಿ. ಫೆಬ್ರುವರಿ ಮೊದಲ ವಾರ ಸ್ನೋಡ್ರಾಪ್ ಹೂ ಕಂಡ ಕೂಡಲೇ ಮುಂದಿನ ಹಬ್ಬ, ಇಂಬಾಲ್ಕ್. ಗಮ್‌ಬೂಟು ಹಾಕಿಕೊಂಡೇ ಬನ್ನಿ, ಗೇಟಿನ ಹತ್ತಿರ ಕೆಸರು ಕಣಕಾಲು ದಾಟುತ್ತೆ. ಬಡಿಯಲು ಒಂದು ಹಳೇ ಪಾತ್ರೆಯೂ ಇರಲಿ, ನಮ್ಮ ಮನೆಯವೆಲ್ಲ ತಗ್ಗು ಬಿದ್ದಿವೆ.