ಗುಳ್ಳೆ ಏಳದೆ 40 ಕಿಲೋಮೀಟರ್ ನಡೆದದ್ದು

ದೇಣಿಗೆ ನಡಿಗೆಗೆ ಹೆಸರು ಕೊಟ್ಟಾಗಿತ್ತು. ಜನ ದುಡ್ಡನ್ನೂ ಕೊಟ್ಟಾಗಿತ್ತು. ಆದರೆ ಅಭ್ಯಾಸದಲ್ಲಿ 15 ಕಿಲೋಮೀಟರ್ ದಾಟಿದರೆ ಸಾಕು, ಹಿಮ್ಮಡಿಯಲ್ಲಿ ಗುಳ್ಳೆ. ಪ್ರತಿ ಸಲವೂ!

ಮೊದಲು ಶೂ ಮೇಲೆ ಸಿಟ್ಟು ಬಂತು. ಹೊಸದು ಕೊಂಡೆ, ಅದೇ ಕಥೆ. ಆಮೇಲೆ ಕಾಲುಚೀಲ ತೆಗೆದು ಹಿಂಡಿ ನೋಡಿದೆ. ಒದ್ದೆ! ಹತ್ತಿಯ ಕಾಲುಚೀಲ ಬೆವರನ್ನು ಹೀರಿ ಹಾಗೇ ಇಟ್ಟುಕೊಳ್ಳುತ್ತದೆ. ಒದ್ದೆ ಚರ್ಮಕ್ಕೆ ಉಜ್ಜಾಟ ಸೇರಿದರೆ ಇನ್ನೇನು ಆಗುತ್ತದೆ, ಅಲ್ವಾ? ಬೇಗ ಒಣಗುವ ಸಿಂಥೆಟಿಕ್ ಕಾಲುಚೀಲಕ್ಕೆ ಬದಲಾದೆ. ಅರ್ಧದಷ್ಟು ತೊಂದರೆ ಅಲ್ಲೇ ಮುಗಿಯಿತು.

ಉಳಿದದ್ದು ಹಿಮ್ಮಡಿ ಜಾರುವುದು. ಶೂನಲ್ಲಿ ಎಲ್ಲಕ್ಕಿಂತ ಮೇಲೆ ಒಂದು ಜೊತೆ ತೂತು ಇರುತ್ತದಲ್ಲ, ನಾನು ಅದನ್ನು ಸುಮ್ನೆ ಅಲಂಕಾರ ಅಂದುಕೊಂಡಿದ್ದೆ. ಅದರಲ್ಲಿ ಎರಡೂ ಕಡೆ ಲೇಸಿನ ಸಣ್ಣ ಕುಣಿಕೆ ಮಾಡಿ, ಎದುರಿನ ತುದಿಯನ್ನು ಅದರೊಳಗೆ ತೂರಿಸಿ ಬಿಗಿದೆ. ಹಿಮ್ಮಡಿ ಕದಲಲಿಲ್ಲ. ಬೆರಳಿನ ಕಡೆ ಮಾತ್ರ ಸಡಿಲ ಬಿಟ್ಟೆ, ಜಾಸ್ತಿ ನಡೆದರೆ ಪಾದ ಊದಿಕೊಳ್ಳುತ್ತದೆ.

ನಡಿಗೆಯ ದಿನ 22ನೇ ಕಿಲೋಮೀಟರ್ ಹತ್ತಿರ ಎಡಗಾಲಲ್ಲಿ ಸಣ್ಣ ಉರಿ. ಹಳೆಯ ನಾನಾಗಿದ್ದರೆ ಹಲ್ಲು ಕಚ್ಚಿ ನಡೆಯುತ್ತಿದ್ದೆ. ಈ ಸಲ ಕೂತೆ, ಒರೆಸಿ ಒಣಗಿಸಿ ಟೇಪ್ ಅಂಟಿಸಿದೆ, ಚೀಲದಲ್ಲಿದ್ದ ಎರಡನೇ ಜೊತೆ ಕಾಲುಚೀಲ ಹಾಕಿದೆ. ಐದು ನಿಮಿಷ ಹೋಯಿತು, ಅಷ್ಟೆ. ಕೊನೆಯಲ್ಲಿ ಮೊಣಕಾಲು ನೋಯುತ್ತಿತ್ತು ಬಿಡಿ, ಗುಳ್ಳೆ ಮಾತ್ರ ಒಂದೂ ಇರಲಿಲ್ಲ.