ಖಣದ ರನ್ನರ್ ಒಳಗೆ ಏನು ಹಾಕಲಿ?

ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿ. ಕುಪ್ಪಸದ ಖಣ ನೇಯುವ ಗುಳೇದಗುಡ್ಡ ಇಲ್ಲಿಂದ ದೂರವಿಲ್ಲ, ಹಾಗಾಗಿ ಖಣದ ಚೂರುಗಳಿಗೆ ಬರವಿಲ್ಲ. ಕುಪ್ಪಸ ಹೊಲಿದು ಉಳಿದ ತುಂಡುಗಳನ್ನು ಕೂಡಿಸಿ ಊಟದ ಟೇಬಲ್‌ಗೆ ಒಂದು ರನ್ನರ್, ಅಂದರೆ ನಡುವೆ ಉದ್ದಕ್ಕೆ ಹಾಸುವ ಬಟ್ಟೆಯ ಪಟ್ಟಿ, ಹೊಲಿಯೋಣ ಅಂತ ಕೂತೆ. ಮೇಲಿನ ಬಟ್ಟೆ, ಅಡಿಯ ಬಟ್ಟೆ ಎರಡೂ ತಯಾರಾದವು. ಅವೆರಡರ ನಡುವೆ ಹಾಕುವ ಮೆತ್ತನೆಯ ಪದರಕ್ಕೆ ಬ್ಯಾಟಿಂಗ್ ಅನ್ನುತ್ತಾರೆ. ಆ ಬ್ಯಾಟಿಂಗ್‌ನಲ್ಲೇ ನಾನು ಮೂರು ಸಲ ಔಟಾದೆ.

ಅಂಗಡಿಯಲ್ಲಿ ಬ್ಯಾಟಿಂಗ್ ಅಂದರೆ ನಗುತ್ತಾರೆ. ಫೈಬರ್ ಶೀಟ್ ಅನ್ನಬೇಕು. ದಪ್ಪ ಇದ್ದಷ್ಟೂ ಚೆಂದ ಅಂದುಕೊಂಡು ಬೆರಳು ದಪ್ಪದ ಪಾಲಿಯೆಸ್ಟರ್ ಶೀಟ್ ತಂದೆ. ಹೊಲಿದ ಮೇಲೆ ರನ್ನರ್ ಅಲ್ಲ, ಗಾದಿ ಆಯಿತು! ಚಹಾ ಗ್ಲಾಸಿನ ಒಂದು ಅಂಚು ಹೊಲಿಗೆಯ ತಗ್ಗಿನಲ್ಲಿ, ಇನ್ನೊಂದು ಉಬ್ಬಿನ ಮೇಲೆ. ವಾಲಿತು, ಚಹಾ ಚೆಲ್ಲಿತು. ಇನ್ನೊಂದು ದಿನ ಬಿಸಿ ಕುಕ್ಕರ್ ಇಟ್ಟೆ. ಪಾಲಿಯೆಸ್ಟರ್ ಕರಗುವುದು ಸುಮಾರು 250-260 ಡಿಗ್ರಿಗೆ, ಕುಕ್ಕರ್ ಅಷ್ಟು ಬಿಸಿ ಇರುವುದಿಲ್ಲ. ಆದರೆ ಬಿಸಿ ಮತ್ತು ಭಾರ ಸೇರಿದರೆ ಅದು ಅಮುಕಿಹೋಗುತ್ತದೆ, ಮತ್ತೆ ಏಳುವುದಿಲ್ಲ. ಕುಕ್ಕರಿನ ತಳದ ಗುಂಡು ಗುರುತು ಹಾಗೇ ಕೂತಿತು. ಸಾಲದ್ದಕ್ಕೆ ಕೆಲವು ತಿಂಗಳಲ್ಲಿ ಕಡುಗೆಂಪು ಖಣದ ಮೇಲೆ ಬಿಳಿ ಎಳೆಗಳು ಹೊರಗೆ ಇಣುಕತೊಡಗಿದವು, ಮುದುಕರ ಗಡ್ಡದ ಹಾಗೆ.

ಎರಡನೇ ಸಲ ಗಾದಿ ಅಂಗಡಿಯಿಂದ ಹಿಂಜಿದ ಅರಳೆ ತಂದು ಹರಡಿದೆ. ಅಪ್ಪಟ ಹತ್ತಿ, ಬಿಸಿಗೆ ಹೆದರುವುದಿಲ್ಲ. ಆದರೆ ನಾನು ಹೊಲಿಗೆ ಹಾಕಿದ್ದು 4 ಇಂಚಿಗೊಂದು. ಒಂದೇ ಒಗೆತಕ್ಕೆ ಅರಳೆಯೆಲ್ಲ ಒಂದು ಮೂಲೆಗೆ ಓಡಿ ಉಂಡೆ ಕಟ್ಟಿತು. ಬಿಡಿ ಅರಳೆಗೆ ಇಂಚು, ಒಂದೂವರೆ ಇಂಚಿಗೆ ಹೊಲಿಗೆ ಬೇಕೇ ಬೇಕು. ರನ್ನರ್‌ಗೆ ಅಷ್ಟು ಯಾರು ಹೊಲಿಯುತ್ತಾರೆ, ಅಲ್ವಾ?

ಮೂರನೆಯದು ಸೂಜಿಯಿಂದ ಚುಚ್ಚಿ ಒತ್ತಿದ ಹತ್ತಿ ಶೀಟ್, ಆನ್‌ಲೈನ್‌ನಲ್ಲಿ ತರಿಸಿದ್ದು. ತೆಳು, ಚಪ್ಪಟೆ, ಹೊಲಿಗೆ ದೂರ ಇದ್ದರೂ ಜಾಗ ಬಿಡುವುದಿಲ್ಲ. ಇದೇ ಸರಿ ಅಂತ ಖುಷಿಪಟ್ಟೆ. ಆದರೆ ಹತ್ತಿ ಶೀಟ್ ಮೊದಲ ಒಗೆತಕ್ಕೆ ನೂರಕ್ಕೆ 3ರಿಂದ 5ರಷ್ಟು ಕುಗ್ಗುತ್ತದೆ. 54 ಇಂಚಿನ ರನ್ನರ್ ಅಂದರೆ ಹತ್ತಿರ ಹತ್ತಿರ 2 ಇಂಚು. ಖಣ ಅಷ್ಟು ಕುಗ್ಗಲಿಲ್ಲ, ಮೈಯೆಲ್ಲ ಸುಕ್ಕಾಯಿತು. ಕೆಲವರಿಗೆ ಆ ಸುಕ್ಕು ಇಷ್ಟ. ನನಗೆ ಟೇಬಲ್ ಮೇಲೆ ಬೇಡ. ಈಗ ಶೀಟನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಂಡದೆ ಒತ್ತಿ, ಒಣಗಿಸಿಯೇ ಕತ್ತರಿಸುತ್ತೇನೆ. ಖಣವನ್ನೂ ಬೇರೆಯಾಗಿ ಒಗೆದು ಬಣ್ಣ ಬಿಡುತ್ತದೋ ನೋಡಿಕೊಳ್ಳುತ್ತೇನೆ.

ಇದನ್ನೆಲ್ಲ ನೋಡುತ್ತಿದ್ದ ನಮ್ಮ ಅತ್ತೆ ಒಂದು ದಿನ ಕೇಳಿದರು, "ಕೌದಿ ಒಳಗ ಏನ್ ಹಾಕ್ತಾರ?" ನಾನು ಸುಮ್ನೆ ಕೂತೆ. ಹಳೇ ಸೀರೆ, ಹಳೇ ಧೋತರ, ಇಷ್ಟೇ ತಾನೆ! ವರ್ಷಗಟ್ಟಲೆ ಒಗೆದ ಬಟ್ಟೆ, ಇನ್ನು ಕುಗ್ಗುವುದೇನಿದೆ? ಎರಡು ಪದರ ಹಾಕಿದರೆ ಗ್ಲಾಸು ನೆಟ್ಟಗೆ ನಿಲ್ಲುತ್ತದೆ. ಧೋತರ ಇಲ್ಲದಿದ್ದರೆ ಫ್ಲಾನೆಲ್ ಒಂದು ಪದರ ಸಾಕು, ಅದನ್ನೂ ಮೊದಲು ಒಗೆಯಬೇಕು.

ಬಿಸಿ ಪಾತ್ರೆ ಇಡಲು ಟೇಬಲ್ ನಡುವೆ ಹಾಸುವ ಚಿಕ್ಕ ಹಾಸಿಗೆ (ಟಾಪರ್) ಮಾತ್ರ ಇದು ಸಾಲದು. ಅದಕ್ಕೆ ಹೊಳೆಯುವ ಹಾಳೆ ಸೇರಿಸಿದ ಶಾಖ ತಡೆಯುವ ಶೀಟ್ ಒಂದು, ಅದರ ಎರಡೂ ಬದಿಗೆ ಹತ್ತಿ. ಆ ಹಾಳೆಯಲ್ಲಿ ಲೋಹ ಇರುತ್ತದೆ, ಮೈಕ್ರೋವೇವ್ ಒಳಗೆ ಇಡಬಾರದು. ಉಳಿದಿದ್ದ ಪಾಲಿಯೆಸ್ಟರ್ ಬಾಗಿಲ ತೋರಣಕ್ಕೆ ಹೋಯಿತು. ಅಲ್ಲಿ ಉಬ್ಬಿದ್ದೇ ಚೆಂದ.

ಈಗ ಟೇಬಲ್ ಮೇಲಿರುವ ರನ್ನರ್ ಒಳಗೆ ಮಾವನವರ ಹಳೇ ಧೋತರ ಇದೆ. ಅತ್ತೆ ಅದಕ್ಕೆ ರನ್ನರ್ ಅನ್ನುವುದೇ ಇಲ್ಲ. "ಆ ಸಣ್ಣ ಕೌದಿ ಸರಿಸು, ರೊಟ್ಟಿ ಬುಟ್ಟಿ ಇಡಬೇಕು" ಅನ್ನುತ್ತಾರೆ.