ಮೆತ್ತಗಿನ ಮರ್ಮರ್‌ಗೆ ಜಾಸ್ತಿ ಹೊತ್ತು ಕಿವಿ ಕೊಡುತ್ತೇನೆ

ನಾನು ತಾಲ್ಲೂಕು ಊರೊಂದರಲ್ಲಿ ಫಿಸಿಶಿಯನ್. ನನ್ನ ಹತ್ತಿರ ಎಕೋ ಮಷಿನ್, ಅಂದರೆ ಗುಂಡಿಗೆಯ ಸ್ಕ್ಯಾನ್ ಮಾಡುವ ಯಂತ್ರ, ಇಲ್ಲ. ಎಕೋ ಬೇಕೆಂದರೆ ಪೇಷಂಟ್ ಒಂದು ದಿನದ ಕೂಲಿ ಬಿಟ್ಟು ಜಿಲ್ಲಾ ಕೇಂದ್ರಕ್ಕೆ ಹೋಗಬೇಕು. ಯಾರನ್ನು ಕಳಿಸಬೇಕು, ಯಾರನ್ನು ಇವತ್ತೇ ಕಳಿಸಬೇಕು ಅನ್ನುವುದನ್ನು ನಾನು ಸ್ಟೆತಸ್ಕೋಪ್ ಇಟ್ಟು, ಮರ್ಮರ್ (ಗುಂಡಿಗೆಯಲ್ಲಿ ರಕ್ತ ಹರಿಯುವಾಗ ಬಡಿತದ ಜೊತೆ ಕೇಳುವ ಹೆಚ್ಚಿನ ಸದ್ದು) ಇದೆಯಾ ಎಂದು ಕೇಳಿಯೇ ತೀರ್ಮಾನಿಸುತ್ತೇನೆ.

ಅದಕ್ಕೂ ಮುಂಚೆ ಮಾತು. "ದಮ್ಮು ಇದೆಯಾ?" ಎಂದು ಕೇಳಿದರೆ ಬಹಳ ಜನ ಇಲ್ಲ ಅಂತಾರೆ. ಯಾಕಂದರೆ ಅವರಿಗೇ ಗೊತ್ತಿಲ್ಲದೆ ಕೆಲಸ ಕಮ್ಮಿ ಮಾಡಿಕೊಂಡಿರುತ್ತಾರೆ. "ಅಕ್ಕಾ, ಮುಂಚೆ ಕೊಡ ಹೊತ್ತು ಒಂದೇ ಸಲಕ್ಕೆ ಮನೆಗೆ ಬರ್ತಿದ್ರಲ್ಲ, ಈಗ ನಡುವೆ ಇಳಿಸ್ತೀರಾ? ರಾತ್ರಿ ಎಷ್ಟು ದಿಂಬು ಇಟ್ಕೊಂಡು ಮಲಗ್ತೀರಾ?" ಎಂದು ಕೇಳಿದರೆ ನಿಜ ಹೊರಗೆ ಬರುತ್ತದೆ.

ಆಮೇಲೆ ನಾಡಿ. ಬಡಿತ ಅಡ್ಡಾದಿಡ್ಡಿ ಇದ್ದರೆ ಅಲ್ಲೇ ಎಚ್ಚರವಾಗುತ್ತೇನೆ. ಕಣ್ಣ ರೆಪ್ಪೆ ಎಳೆದು ರಕ್ತ ಕಮ್ಮಿಯಿದೆಯಾ ನೋಡುತ್ತೇನೆ. ರಕ್ತಹೀನತೆ, ಜ್ವರ, ಥೈರಾಯ್ಡ್ ಜಾಸ್ತಿ ಆಗಿರುವುದು, ಬಸಿರು – ಇವುಗಳಲ್ಲಿ ಗುಂಡಿಗೆಯ ವಾಲ್ವ್ (ಕವಾಟ) ಚೆನ್ನಾಗಿದ್ದರೂ ರಕ್ತ ಜೋರಾಗಿ ಹರಿದು ಮರ್ಮರ್ ಕೇಳಿಸಬಹುದು. ಅದು ಸಾಮಾನ್ಯವಾಗಿ ಮೆತ್ತಗೆ, ಗಿಡ್ಡವಾಗಿ, ನಾಡಿ ಬಡಿತದ ಜೊತೆಗೇ ಇರುತ್ತದೆ. ಹಾಗಾಗಿ ಕೇಳುವಾಗ ಒಂದು ಬೆರಳನ್ನು ಕತ್ತಿನ ನಾಡಿಯ ಮೇಲೆ ಇಟ್ಟಿರುತ್ತೇನೆ. ಎರಡು ಬಡಿತದ ನಡುವಿನ ಬಿಡುವಿನಲ್ಲಿ ಸದ್ದು ಕೇಳಿಸಿತೋ, ಅದು ಎಷ್ಟೇ ಸಣ್ಣದಿರಲಿ, ಎಕೋಗೆ ಕಳಿಸಲೇಬೇಕು.

ಹೆಚ್ಚಾಗಿ ತಪ್ಪಿಹೋಗುವುದು ಮೈಟ್ರಲ್ ಸ್ಟೆನೋಸಿಸ್, ಅಂದರೆ ಗುಂಡಿಗೆಯ ಎಡಭಾಗದ ಮೈಟ್ರಲ್ ವಾಲ್ವ್ ಕಿರಿದಾಗುವುದು. ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ (ಗಂಟಲು ಸೋಂಕಿನ ನಂತರ ಬಂದು ಗುಂಡಿಗೆಗೂ ತಾಗುವ ಜ್ವರ) ವಾಲ್ವ್ ದಪ್ಪಗಾಗಿ ಅಂಟಿಕೊಂಡಿರುತ್ತದೆ. 4ರಿಂದ 6 ಚದರ ಸೆಂ.ಮೀ. ಇರಬೇಕಾದ ವಾಲ್ವ್‌ನ ಬಾಯಿ 1.5ಕ್ಕೋ ಅದಕ್ಕಿಂತ ಕಮ್ಮಿಗೋ ಇಳಿದರೆ ತೀವ್ರ ಅಂತಲೇ ಲೆಕ್ಕ. ಸದ್ದು ಮಾತ್ರ ದೂರದ ಗುಡುಗಿನಷ್ಟು ತಗ್ಗು. ಫ್ಯಾನ್ ತಿರುಗುತ್ತಿದ್ದರೆ ಕೇಳಿಸುವುದೇ ಇಲ್ಲ. ನಾನು ಫ್ಯಾನ್ ಆರಿಸಿ, ಬಾಗಿಲು ಹಾಕಿಸಿ, ಪೇಷಂಟ್‌ನ ಎಡ ಮಗ್ಗುಲಿಗೆ ಮಲಗಿಸುತ್ತೇನೆ. ಸ್ಟೆತ್‌ನ ಬೆಲ್ ಕಡೆಯನ್ನು ಸುಮ್ನೆ ತಾಗಿಸಿ ಹಿಡಿಯಬೇಕು, ಒತ್ತಿದರೆ ಆ ತಗ್ಗು ಸದ್ದು ಮಾಯ. ಅನುಮಾನ ಉಳಿದರೆ, ದಮ್ಮು ಜಾಸ್ತಿ ಇಲ್ಲದವರನ್ನು ನಾಲ್ಕೈದು ಸಲ ಎಬ್ಬಿಸಿ ಕೂರಿಸಿ ಮತ್ತೆ ಕೇಳುತ್ತೇನೆ. ಎದೆ ಬಡಿತ ಏರಿದಾಗ ಸದ್ದೂ ಎದ್ದು ಬರುತ್ತದೆ.

ಇದಕ್ಕೆ ಇಷ್ಟು ಹೊತ್ತು ಕೊಡುವುದು ಬಸುರಿಯರಿಗಾಗಿ. ಅಲ್ಲಿಯವರೆಗೆ ಗದ್ದೆ ಕೆಲಸ ಮಾಡಿಕೊಂಡಿದ್ದ ಹೆಣ್ಣುಮಗಳು ಐದಾರು ತಿಂಗಳಾದಾಗ ರಾತ್ರಿ ಎದ್ದು ಕೂರುತ್ತಾಳೆ. ಬಸಿರಲ್ಲಿ ರಕ್ತದ ಪ್ರಮಾಣ ಏರುತ್ತದೆ, ಬಡಿತವೂ ಏರುತ್ತದೆ. ಕಿರಿದಾದ ಬಾಯಲ್ಲಿ ಅಷ್ಟು ರಕ್ತ ದಾಟದೆ ಶ್ವಾಸಕೋಶದಲ್ಲಿ ಕಟ್ಟಿಕೊಳ್ಳುತ್ತದೆ. ಆಸ್ತಮಾ ಎಂದು ಇನ್‌ಹೇಲರ್ ಹಿಡಿದು ಬಂದವರನ್ನು ನಾನು ಕಂಡಿದ್ದೇನೆ. ಇಂಥವರನ್ನು ನಾಳೆ ಬಾ ಎಂದು ಕಳಿಸಲು ನನ್ನಿಂದ ಆಗದು. ವಾಲ್ವ್ ಯೋಗ್ಯವಾಗಿದ್ದರೆ ಎದೆ ಕೊಯ್ಯದೆ ಬಲೂನ್‌ನಿಂದ ಅಗಲ ಮಾಡಬಹುದು, ಅಗತ್ಯಬಿದ್ದರೆ ಬಸಿರಲ್ಲೂ. ಜಪಾನಿನ ಕಾಂಜಿ ಇನೋವೆ 1980ರ ದಶಕದಲ್ಲಿ ತಂದ ವಿಧಾನ ಅದು. ಬೆಂಗಳೂರು, ಮೈಸೂರು, ಕಲಬುರಗಿಯ ಜಯದೇವ ಆಸ್ಪತ್ರೆಗಳ ಹೆಸರು ಹೇಳಿದರೆ ಮನೆಯವರಿಗೂ ಧೈರ್ಯ ಬರುತ್ತದೆ.

ವಯಸ್ಸಾದವರಲ್ಲಿ ಕತೆ ಬೇರೆ. ಎದೆಯ ಬಲ ಮೇಲ್ಭಾಗದಲ್ಲಿ ಒರಟು ಸದ್ದು, ಕತ್ತಿನವರೆಗೂ ಹರಿಯುತ್ತದೆ – ಗುಂಡಿಗೆಯಿಂದ ಮೈಗೆ ರಕ್ತ ಹೊರಡುವ ಅಯೋರ್ಟಿಕ್ ವಾಲ್ವ್ ಗಟ್ಟಿಯಾಗಿ ಕಿರಿದಾಗಿರಬಹುದು. ಗುಂಡಿಗೆ ಸೋತ ಮೇಲೆ ಈ ಸದ್ದು ಮೆತ್ತಗಾಗುತ್ತದೆ. ಆಗ ಕಾಯಿಲೆ ಕಮ್ಮಿಯಾಯಿತು ಅಂತಲ್ಲ, ಜಾಸ್ತಿಯಾಗಿದೆ. "ಯಜಮಾನ್ರೇ, ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬಂದು ಬಿದ್ದಿದ್ರಾ?" ಎಂದು ತಪ್ಪದೆ ಕೇಳುತ್ತೇನೆ. ಹೌದು ಅಂದರೆ ಕಾಯುವ ಮಾತಿಲ್ಲ.

ಬಲೂನ್ ಆಗಿ ಊರಿಗೆ ಬಂದವರ ಜವಾಬ್ದಾರಿ ಮತ್ತೆ ನನ್ನದೇ. ರುಮ್ಯಾಟಿಕ್ ಇದ್ದವರಿಗೆ, ಆ ಜ್ವರ ಮತ್ತೆ ಬರದಂತೆ, ಮೂರು ವಾರಕ್ಕೊಮ್ಮೆ 12 ಲಕ್ಷ ಯೂನಿಟ್ ಪೆನಿಸಿಲಿನ್ ಇಂಜೆಕ್ಷನ್, ಎಷ್ಟೋ ವರ್ಷ. ಮೈಟ್ರಲ್ ಸ್ಟೆನೋಸಿಸ್ ಜೊತೆ ಅಡ್ಡಾದಿಡ್ಡಿ ಬಡಿತ ಇದ್ದವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ; ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ತೋರಿಸುವ ಐಎನ್‌ಆರ್ ಪರೀಕ್ಷೆ 2ರಿಂದ 3ರ ನಡುವೆ ಇರಬೇಕು. ಸೊಪ್ಪು ಹೆಚ್ಚುಕಮ್ಮಿಯಾದರೆ ಈ ಮಾತ್ರೆಯ ಕೆಲಸ ಏರುಪೇರಾಗುತ್ತದೆ; ಆದರೂ ಸೊಪ್ಪು ಬಿಡಿ ಎಂದು ನಾನು ಹೇಳುವುದಿಲ್ಲ, ವಾರ ವಾರವೂ ಹೆಚ್ಚುಕಮ್ಮಿ ಅಷ್ಟೇ ತಿನ್ನಿ ಅಂತೀನಿ. ಮೈಕೈ ನೋವಿಗೆ ಅಂಗಡಿ ಮಾತ್ರೆ ನುಂಗಬೇಡಿ, ರಕ್ತಸ್ರಾವ ಆದೀತು ಅಂತಲೂ. ವಾರ್ಫರಿನ್ ತಗೊಳ್ಳುವ ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು: ಮುಟ್ಟು ನಿಂತು ಬಸಿರಿನ ಅನುಮಾನ ಬಂದರೆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಅದೇ ದಿನ ಬಂದು ಕಾಣಿ. ವಾಲ್ವ್ ಬದಲಾಯಿಸಿಕೊಂಡವರು ಹಲ್ಲು ಕೀಳಿಸುವ ಮುಂಚೆ ನನ್ನ ಹತ್ತಿರ ಬಂದು ಆಂಟಿಬಯಾಟಿಕ್ ಬರೆಸಿಕೊಳ್ಳಬೇಕು. ಇದನ್ನು ಅವರ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿಡುತ್ತೇನೆ.